ಮೇಲಿನಮ್ಮ ಇಳಿದು ಬಂದ ದಿನ

ನನ್ನ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನನ್ನನ್ನು ಬಲ್ಲವರೆಲ್ಲ ಹೇಳುತ್ತಾರೆ. ಹೇಳಲಿ. ಊರಿಗೇ ಎತ್ತರದ ಕುರ್ಚಿಯಲ್ಲಿ ಕೂತು ದುಡಿಯುವವಳಿಗೆ ಅಷ್ಟಾದರೂ ಬೇಡವೇ? ನಾನು ಟವರ್ ಕ್ರೇನ್ ನಡೆಸುವವಳು. ಕಟ್ಟಡ ಎಷ್ಟೇ ಎದ್ದರೂ ಅದಕ್ಕಿಂತ ಒಂದು ಕೈ ಮೇಲೆ ನನ್ನ ಗಾಜಿನ ಕೋಣೆ ಇರುತ್ತದೆ. ಸೈಟಿನಲ್ಲಿ ನನ್ನನ್ನು ಯಾರೂ ಹೆಸರು ಹಿಡಿದು ಕರೆಯುವುದಿಲ್ಲ, ಎಲ್ಲರಿಗೂ ನಾನು ಮೇಲಿನಮ್ಮ.

ಆ ಕೋಣೆಯಲ್ಲಿ ಒಂದು ಕುರ್ಚಿ, ಅದರ ಎರಡೂ ಕೈಗಳಿಗೆ ಒಂದೊಂದು ಲಿವರ್, ಒಂದು ಫ್ಯಾನು, ಒಂದು ರೇಡಿಯೋ ಇವೆ. ಕಾಲಡಿಯಲ್ಲೂ ಗಾಜು, ಬಗ್ಗಿದರೆ ಕೆಳಗಿನವರ ಹೆಲ್ಮೆಟ್ಟುಗಳು ಅಂಗಿ ಗುಂಡಿಗಳ ಹಾಗೆ ಕಾಣುತ್ತವೆ. ಬಚ್ಚಲುಮನೆ ಇಲ್ಲ. ಬೇಕೆಂದರೆ ಕ್ರೇನಿನ ಕಂಬದೊಳಗಿನ ಏಣಿ ಹಿಡಿದು ನೆಲದವರೆಗೆ ಇಳಿಯಬೇಕು, ಮತ್ತೆ ಅಷ್ಟನ್ನೂ ಹತ್ತಬೇಕು. ಅಷ್ಟು ಹೊತ್ತು ಕೆಳಗಿನವರೆಲ್ಲ ಕೈ ಕಟ್ಟಿ ನಿಲ್ಲಬೇಕು. ಗಂಡಸರು ಇದಕ್ಕೊಂದು ಉಪಾಯ ಕಂಡುಕೊಂಡಿದ್ದಾರೆ, ಕುರ್ಚಿಯ ಹಿಂದೆ ಒಂದು ಖಾಲಿ ಬಾಟಲಿ. ನನಗೆ ಆ ಸೌಕರ್ಯವನ್ನು ದೇವರು ಕೊಟ್ಟಿಲ್ಲ.

ನನಗೆ ಕೆಲಸ ಕಲಿಸಿದ ಗುರು ಮೊದಲ ದಿನವೇ ಹೇಳಿದ್ದರು. "ಊಟದ ಬೆಲ್ ಆಗೋವರೆಗೂ ಇಳಿಯೋ ಹಾಗಿಲ್ಲ. ಆಗಲ್ಲ ಅಂದ್ರೆ ಈಗಲೇ ಹೇಳ್ಬಿಡು, ಬೇರೆ ಕೆಲಸ ನೋಡ್ಕೋ." ಹೆಣ್ಣು ತಾನೇ, ವಾರದಲ್ಲಿ ಗಂಟು ಮೂಟೆ ಕಟ್ಟುತ್ತಾಳೆ ಎಂದು ಅವರ ಎಣಿಕೆ. ನಾನು ನೀರು ಕುಡಿಯುವುದನ್ನೇ ಬಿಟ್ಟೆ. ಬೆಳಿಗ್ಗೆ ಎದ್ದಾಗಿನಿಂದ ಬೆಲ್ಲಿನವರೆಗೆ ಒಂದು ಹನಿಯನ್ನೂ ಬಾಯಿಗೆ ಬಿಡಲಿಲ್ಲ, ಊಟದ ಮೇಲೂ ಬರೀ ಬಾಯಿ ಒದ್ದೆ ಮಾಡಿಕೊಳ್ಳುವಷ್ಟೇ. ಗುರು ನಿವೃತ್ತರಾಗುವ ದಿನ ಎಲ್ಲರೆದುರು ನನ್ನತ್ತ ಕೈ ತೋರಿಸಿ, "ಪಾಳಿ ಮಧ್ಯೆ ಒಂದು ಸಲಾನೂ ಇಳಿಯದ ಆಪರೇಟರ್ ಇವಳೊಬ್ಬಳೇ" ಎಂದರು. ಆ ಮಾತನ್ನು ನಾನು ಪದಕದ ಹಾಗೆ ಎದೆಗೆ ಸಿಕ್ಕಿಸಿಕೊಂಡು ಓಡಾಡಿದವಳು.

ಆಗ ನಾವು ಕಟ್ಟುತ್ತಿದ್ದದ್ದು ಒಂದು ರಂಗಮಂದಿರ. ಅದರ ಚಾವಣಿಗೆ ಒಂದು ದೊಡ್ಡ ಉಕ್ಕಿನ ಉಂಗುರ. ನಾವೆಲ್ಲ ಅದನ್ನು ಬಳೆ ಎನ್ನುತ್ತಿದ್ದೆವು. ತಿಂಗಳಾನುಗಟ್ಟಲೆ ನೆಲದ ಮೇಲೆ ಅದನ್ನು ಬೆಸೆಯುವುದನ್ನು ನಾನು ಮೇಲಿನಿಂದ ನೋಡುತ್ತಲೇ ಇದ್ದೆ. ಅದನ್ನು ಒಂದೇ ಸಲಕ್ಕೆ ಎತ್ತಿ, ಗೋಡೆಯಾಚೆ ಕಣ್ಣಿಗೆ ಕಾಣದ ಕಡೆ ಒಯ್ದು, ಸುತ್ತಲಿನ ಕಂಬಗಳ ತಲೆಯ ಮೇಲೆ ಕೂರಿಸಬೇಕು. ಒಂದು ಬೆರಳಿನಷ್ಟು ಆಚೀಚೆಯಾದರೂ ಕೂರುವುದಿಲ್ಲ. ಇಂಥ ಎತ್ತುವಿಕೆ ಜೀವಮಾನದಲ್ಲಿ ಒಮ್ಮೆ ಸಿಕ್ಕರೆ ಪುಣ್ಯ. ಆ ಬಳೆಯನ್ನು ನಾನೇ ತೊಡಿಸಬೇಕು ಎಂದು ಪಟ್ಟು ಹಿಡಿದು ಕೂತಿದ್ದೆ. ಇನ್ನೊಂದು ಪಾಳಿಯ ಆಪರೇಟರ್, ಉದ್ದ ಕಾಲಿನ ಕೊಕ್ಕರೆ, ಅವನಿಗೂ ಅದರ ಮೇಲೆ ಕಣ್ಣಿತ್ತು.

ಅಷ್ಟರಲ್ಲಿ ನನ್ನ ಮೈ ಕೈ ಕೊಡಲು ಶುರು ಮಾಡಿತು.

ಮುಟ್ಟು ನಿಂತಾಗ, ಸದ್ಯ ಒಂದು ಪೀಡೆ ತೊಲಗಿತು ಎಂದು ನಾನು ಕುಣಿದಾಡುವುದೊಂದು ಬಾಕಿ. ಆಮೇಲೆ ಸಣ್ಣದಾಗಿ ಉರಿ ಬಂತು. ಹನಿ ನೀರು ಕುಡಿಯದಿದ್ದರೂ ಹೋಗಬೇಕು, ಈಗಲೇ ಹೋಗಬೇಕು ಎಂಬ ಅವಸರ ಬಂತು. ಕೆಮ್ಮಿದರೆ ಒಂದು ತೊಟ್ಟು, ಸೀನಿದರೆ ಎರಡು. ಕೆಳಗೆ ನಿಂತು ರೇಡಿಯೋದಲ್ಲಿ ನನಗೆ ದಾರಿ ಹೇಳುವ ಸಿಗ್ನಲ್‌ನವನು ಭಾರಿ ತಮಾಷೆಯ ಮನುಷ್ಯ. ಸಿಮೆಂಟ್ ಬಕೆಟ್ ಮೇಲೆ ಕಳಿಸುವಾಗಲೆಲ್ಲ, "ಸೊಸೆ ಬರ್ತಿದ್ದಾಳೆ ಅತ್ತೆ, ಸ್ವಲ್ಪ ತಗ್ಗಿ ಬಗ್ಗಿ ನಡ್ಕೊಳ್ಳಿ" ಎನ್ನುವವನು. ನಕ್ಕರೆ ಪ್ಯಾಂಟು ಒದ್ದೆಯಾಗುತ್ತದೆಂದು ನಾನು ನಗುವುದನ್ನೇ ಬಿಟ್ಟೆ. ಮೇಲಿನಮ್ಮನಿಗೆ ನನ್ನ ಮೇಲೆ ಮುನಿಸು ಎಂದುಕೊಂಡು ಅವನೂ ಬಾಯಿಗೆ ಬೀಗ ಹಾಕಿಕೊಂಡ. ನಾನು ಕುಡಿಯುವ ನೀರನ್ನು ಇನ್ನಷ್ಟು ಕಡಿಮೆ ಮಾಡಿದೆ. ಹಲ್ಲು ಕಚ್ಚಿ ಕೂತೆ.

ಮನೆಯಲ್ಲೂ ಹೀಗೇ. ನನ್ನ ಗಂಡ ದರ್ಜಿ. ಮನೆಯ ಮುಂಭಾಗದ ಕೋಣೆಯೇ ಅವನ ಅಂಗಡಿ. ನಾನು ಎಷ್ಟು ಜೋರೋ ಅವನು ಅಷ್ಟು ಮೆತ್ತಗೆ. ಹೆಂಗಸರ ಅಳತೆಯನ್ನು ಅವನು ಎಂದೂ ಬಾಯಿಬಿಟ್ಟು ಹೇಳಿದವನಲ್ಲ. ಟೇಪು ಸುತ್ತಿ, ಬಟ್ಟೆಯ ಮೇಲೆ ಸೀಮೆಸುಣ್ಣದಲ್ಲೊಂದು ಗೀಟು ಎಳೆಯುತ್ತಾನೆ, ಅಷ್ಟೇ. ಬಿಗಿಯಾಗಿದೆ ಎಂದು ಯಾರಾದರೂ ಹಳೆಯ ಬಟ್ಟೆ ತಂದರೆ, "ಬಟ್ಟೆ ಕುಗ್ಗಿದೆಯಮ್ಮ, ಸರಿ ಮಾಡೋಣ" ಎನ್ನುತ್ತಾನೆ. ಊರಿನ ಹೆಂಗಸರು ಅವನನ್ನು ತಲೆಯ ಮೇಲೆ ಕೂರಿಸಿಕೊಂಡಿರುವುದು ಸುಮ್ಮನೆ ಅಲ್ಲ.

ಇಂಥವನಿಗೆ ನಾನು ಬೆನ್ನು ಹಾಕಿ ಮಲಗಲು ಶುರು ಮಾಡಿದ್ದೆ. ಆಸೆ ಇರಲಿಲ್ಲ ಎಂದಲ್ಲ. ಹತ್ತಿರ ಬಂದರೆ ಸಾಕು, ಒಳಗೆ ಮರಳು ಕಾಗದದಿಂದ ಉಜ್ಜಿದ ಹಾಗೆ ನೋವು. ಒಂದೆರಡು ಸಲ ಸಹಿಸಿದೆ, ಮೂರನೆಯ ಸಲ ಸುಮ್ಮಸುಮ್ಮನೆ ಜಗಳ ತೆಗೆದೆ. ಫ್ಯಾನಿನ ಸದ್ದಿಗೆ, ದಿಂಬಿನ ದಪ್ಪಕ್ಕೆ, ಅವನ ಗೊರಕೆಗೆ, ಯಾವುದಕ್ಕೆ ಎಂದಿಲ್ಲ. ಅವನು ಏನೂ ಕೇಳಲಿಲ್ಲ. ಕೇಳದಿದ್ದದ್ದಕ್ಕೂ ನನಗೆ ಕೋಪ ಬಂತು.

ಬಳೆ ಎತ್ತಲು ಇನ್ನೆರಡು ಮೂರು ತಿಂಗಳಿದ್ದಾಗ ನನ್ನ ಸುರಕ್ಷತೆಯ ಬೆಲ್ಟು ಬಿಗಿಯತೊಡಗಿತು. ಭುಜ, ಸೊಂಟ, ತೊಡೆಗೆಲ್ಲ ಸುತ್ತಿ ಬಿಗಿದುಕೊಳ್ಳುವ ಬೆಲ್ಟು ಅದು. ಕೊಕ್ಕರೆಯದೇ ಕಿತಾಪತಿ ಎಂದುಕೊಂಡು ಅವನಿಗೆ ನೀರಿಳಿಸಿದೆ. "ನನ್ನ ಬೆಲ್ಟ್ ಯಾಕೋ ಮುಟ್ಟಿದೆ? ನಿನ್ನ ಕಡ್ಡಿ ಸೊಂಟಕ್ಕೆ ಸೇರಿಸ್ಕೊಂಡು ಹಾಗೇ ಬಿಟ್ಟಿದ್ದೀಯ." ಅವನು ಪಾಪ, ಕಣ್ಣು ಕಣ್ಣು ಬಿಟ್ಟ. "ನಿಮ್ಮ ಬೆಲ್ಟ್ ನನಗ್ಯಾಕೆ ಮೇಲಿನಮ್ಮ? ಅದು ನನ್ನ ಮಂಡಿಗೂ ಬರಲ್ಲ" ಎಂದ.

ಅದೇ ವಾರ ಸೂಪರ್‌ವೈಸರ್ ಕರೆದು, "ಬಳೆ ಎತ್ತೋಕೆ ಮುಂಚೆ, ಮೈ ಸರಿ ಇದೆ ಅಂತ ಡಾಕ್ಟರ ಸಹಿ ಬೇಕು. ಆಗಲಿಲ್ಲ ಅಂದ್ರೆ ಕೊಕ್ಕರೆ ಹತ್ತುತ್ತಾನೆ" ಎಂದರು.

ಡಾಕ್ಟರಮ್ಮ ನನ್ನ ವಯಸ್ಸಿನವರೇ, ಕೂದಲಿಗೆ ಬಣ್ಣ ಹಾಕದವರು. ಮೊದಲಿಗೇ ಸೊಂಟಕ್ಕೆ ಟೇಪು ಸುತ್ತಿ ಹುಬ್ಬೇರಿಸಿದರು. ಹೋದ ಸಲಕ್ಕಿಂತ ಬಹಳ ಹೆಚ್ಚಾಗಿದೆ ಎಂದರು.

"ನಿಮ್ಮ ಟೇಪು ಸರಿ ಇಲ್ಲ" ಎಂದೆ. "ಇದೇ ಪ್ಯಾಂಟನ್ನ ನಾನು ವರ್ಷಗಟ್ಟಲೆ ಹಾಕ್ತಿದ್ದೀನಿ. ಒಂದಿಷ್ಟೂ ಬಿಗಿಯಾಗಿಲ್ಲ."

"ಹೌದಾ? ಹಾಗಾದ್ರೆ ಪ್ಯಾಂಟು ಹೊಲಿದವರನ್ನ ಒಂದು ಮಾತು ಕೇಳಿ ನೋಡಿ" ಎಂದು ನಕ್ಕರು.

ರಕ್ತ ತೆಗೆದರು, ಮೂತ್ರ ನೋಡಿದರು. ಮೂತ್ರದಲ್ಲಿ ಸೋಂಕಿತ್ತು. ಸಕ್ಕರೆ ಇನ್ನೂ ಕಾಯಿಲೆ ಆಗಿರಲಿಲ್ಲ, ಆದರೆ ಹೊಸ್ತಿಲಲ್ಲಿ ಬಂದು ನಿಂತಿತ್ತು. ಆಮೇಲೆ ಅವರು ಪೆನ್ನು ಕೆಳಗಿಟ್ಟು, "ಗಂಡನ ಜೊತೆ ಹೇಗಿದ್ದೀರಿ?" ಎಂದು ಕೇಳಿದರು.

ನನಗೆ ಸರ್ರನೆ ಏರಿತು. "ಅದು ಕ್ರೇನಿಗೆ ಯಾಕೆ ಬೇಕು?"

"ಕ್ರೇನಿಗೆ ಬೇಡ. ನಿಮಗೆ ಬೇಕಾಗಿರಬಹುದು ಅಂತ ಕೇಳಿದೆ."

ಅದನ್ನು ಅಷ್ಟು ಸಲೀಸಾಗಿ ಅಂದುಬಿಟ್ಟರಲ್ಲ, ನಾನೂ ಬಾಯಿಬಿಟ್ಟೆ. ನೋಯುತ್ತದೆ ಎಂದೆ. ಗೋಡೆ ಕಡೆ ತಿರುಗಿ ಮಲಗುತ್ತೇನೆ ಎಂದೆ. ಹೇಳುತ್ತಾ ಹೇಳುತ್ತಾ ಉರಿ, ಅವಸರ, ನಗಲಾಗದ್ದು ಎಲ್ಲವೂ ಒಂದರ ಹಿಂದೆ ಒಂದು ಹೊರಗೆ ಬಂದವು.

ಡಾಕ್ಟರಮ್ಮ ಪೂರ್ತಿ ಕೇಳಿಸಿಕೊಂಡು, ಆಮೇಲೆ ಹೊಸಬರಿಗೆ ಯಂತ್ರ ವಿವರಿಸುವ ಹಾಗೆ ಹೇಳಿದರು. "ಮುಟ್ಟು ನಿಂತಾಗ ಬರೀ ಮುಟ್ಟು ನಿಲ್ಲಲ್ಲ. ಈಸ್ಟ್ರೋಜನ್ ಅನ್ನೋ ಹಾರ್ಮೋನು ಕಮ್ಮಿ ಆಗುತ್ತೆ. ಯೋನಿ ಒಳಗಿನ ಪದರಾನ ಮೆತ್ತಗೆ, ಹಸಿಯಾಗಿ ಇಟ್ಟಿದ್ದು ಅದೇ. ಅದಿಲ್ಲದೆ ಪದರ ತೆಳ್ಳಗಾಗಿ ಒಣಗುತ್ತೆ, ಅದಕ್ಕೇ ನೋವು. ಮೂತ್ರದ ದಾರಿ ಪಕ್ಕದ್ದೇ ಮನೆ, ಅಲ್ಲೂ ಇದೇ ಕತೆ. ಅದಕ್ಕೇ ಉರಿ, ಅವಸರ, ಸೋಂಕು. ಕೊಬ್ಬು ಕೂಡ ಈ ವಯಸ್ಸಲ್ಲಿ ತೊಡೆ ಬಿಟ್ಟು ಹೊಟ್ಟೆ ಒಳಗೆ ಸೇರೋಕೆ ನೋಡುತ್ತೆ, ಸಕ್ಕರೆ ಏರಿಳಿತ ಶುರುವಾಗುತ್ತೆ. ದಿನಾ ಕೂತೇ ಇರೋ ಕೆಲಸಾನೂ ಅದಕ್ಕೆ ಸೇರ್ಕೊಂಡಿದೆ."

"ನಾನು ಮೂರು ಬೇರೆ ಬೇರೆ ರೋಗ ಅಂದ್ಕೊಂಡು ಮೂರನ್ನೂ ಮುಚ್ಚಿಟ್ಟಿದ್ದೆ."

"ತುಂಬ ಜನ ಹಾಗೇ ಮಾಡ್ತಾರೆ. ಅದಿರಲಿ, ನೀರು ಎಷ್ಟು ಕುಡೀತೀರಿ?"

ಈ ಪ್ರಶ್ನೆಗೆ ನಾನು ಬೆನ್ನು ನೆಟ್ಟಗೆ ಮಾಡಿಕೊಂಡೆ. "ಪಾಳಿಯಲ್ಲಿ ಒಂದು ಹನಿನೂ ಇಲ್ಲ. ಕೆಲಸಕ್ಕೆ ಸೇರಿದಾಗಿಂದ."

"ಇದನ್ನ ಹೆಮ್ಮೆಯಿಂದ ಹೇಳ್ತಿದ್ದೀರಿ."

"ಹೆಮ್ಮೆಯದ್ದೇ."

ಅವರು ಪೆನ್ನನ್ನು ಮತ್ತೆ ಕೈಗೆತ್ತಿಕೊಂಡರು. ನೀರು ಕುಡಿಯದಿದ್ದರೆ ಮೂತ್ರ ಮಂದವಾಗಿ ಅದರ ಚೀಲವನ್ನು ಇನ್ನಷ್ಟು ಕೆರಳಿಸುತ್ತದೆ, ಅವಸರ ಹೆಚ್ಚುತ್ತದೆ, ಸೋಂಕು ಮನೆ ಮಾಡುತ್ತದೆ ಎಂದರು. ನಾನು ಮದ್ದು ಎಂದುಕೊಂಡದ್ದೇ ರೋಗಕ್ಕೆ ಮೇವು ಹಾಕಿತ್ತು. ಪ್ಯಾಡ್ ಕಟ್ಟಿಕೊಂಡು ಕೂತರೆ ಆಗದೇ ಎಂದು ಕೇಳಿದೆ. "ಕಟ್ಕೊಳ್ಳಿ, ಅದರಲ್ಲಿ ತಪ್ಪೇನಿಲ್ಲ. ಆದ್ರೆ ಮದ್ದಿರೋದನ್ನ ಮುಚ್ಚಿಟ್ಕೊಂಡು ಯಾಕೆ ನರಳ್ತೀರಿ? ಸೋಂಕು ಹೋಗ್ಲಿ. ನೀರು ಕುಡೀರಿ. ಬಂದಾಗ ಇಳಿದು ಹೋಗಿ. ಇದಕ್ಕೆ ಒಪ್ಪಿದ್ರೆ ಸಹಿ ಹಾಕ್ತೀನಿ, ಇಲ್ಲ ಅಂದ್ರೆ ಇಲ್ಲ."

ಬಳೆ ಬೇಕಾದರೆ ಪದಕ ಬಿಚ್ಚಿಡಬೇಕು, ಲೆಕ್ಕ ಇಷ್ಟೇ. ಒಪ್ಪಿದೆ ಎಂದು ಬಾಯಲ್ಲಿ ಅಂದೆ. ಮನಸ್ಸು ಒಪ್ಪಿರಲಿಲ್ಲ.

ಮನೆಗೆ ಬಂದು ಮೊದಲು ಮಾಡಿದ ಕೆಲಸ ಪ್ಯಾಂಟನ್ನು ಒಳಹೊರಗು ಮಾಡಿ ನೋಡಿದ್ದು. ಎರಡೂ ಪಕ್ಕದಲ್ಲಿ, ಹಿಂಭಾಗದಲ್ಲಿ, ಅದೇ ಬಣ್ಣದ ಬಟ್ಟೆಯ ಪಟ್ಟಿ ಕೂರಿಸಿ, ಹಳೆಯ ಹೊಲಿಗೆಯ ತೂತಿನಲ್ಲೇ ಸೂಜಿ ಹಾಕಿ ಹೊಲಿದಿತ್ತು. ಹೊರಗಿನಿಂದ ಯಾರಪ್ಪನಿಗೂ ತಿಳಿಯುವಂತಿಲ್ಲ. ಕಪಾಟಿನಲ್ಲಿದ್ದ ಎಲ್ಲ ಪ್ಯಾಂಟುಗಳಿಗೂ ಅದೇ ಗತಿ. ಒಂದಕ್ಕಂತೂ ಪಟ್ಟಿಯ ಪಕ್ಕಕ್ಕೆ ಇನ್ನೊಂದು ಪಟ್ಟಿ.

ಎಲ್ಲವನ್ನೂ ಬಾಚಿಕೊಂಡು ಹೋಗಿ ಅವನ ಮೆಷಿನ್ನಿನ ಮೇಲೆ ಸುರಿದೆ. "ಏನಿದು ದರ್ಜಿ ಸಾಹೇಬ್ರೇ?"

ಅವನು ಕನ್ನಡಕ ಸರಿ ಮಾಡಿಕೊಂಡು ಪ್ಯಾಂಟು ನೋಡಿದ, ನನ್ನನ್ನು ನೋಡಿದ. "ಬಟ್ಟೆ ಕುಗ್ಗಿತ್ತು" ಎಂದ.

"ಎಲ್ಲ ಪ್ಯಾಂಟೂ ಒಟ್ಟಿಗೆ ಮಾತಾಡ್ಕೊಂಡು ಕುಗ್ಗಿದ್ವಾ?"

ಅವನು ಕಾಲನ್ನು ಪೆಡಲ್ಲಿನಿಂದ ತೆಗೆದ. "ನಿನಗೆ ಗೊತ್ತಾದ್ರೆ ಊಟ ಬಿಡ್ತೀಯ ಅಂತ ಹೆದರಿಕೆ ಆಯ್ತು ಕಣೇ. ನೀರು ಬಿಟ್ಟಿರೋದೇ ಸಾಲದಾ? ರಾತ್ರಿ ನೀನು ಗೋಡೆ ಕಡೆ ತಿರುಗಿ ಮಲಗ್ತಿದ್ದೆ. ಏನಾಗಿದೆ ಅಂತ ಹೇಗೆ ಕೇಳ್ಬೇಕು ಅಂತ ಗೊತ್ತಾಗ್ಲಿಲ್ಲ. ನನಗೆ ಗೊತ್ತಿರೋದು ಇದೊಂದು ಕೆಲಸ. ಮಾಡ್ದೆ."

ಬೈಯಬೇಕೆಂದು ಬಾಯಿ ತೆಗೆದವಳು ಬೈಯಲಿಲ್ಲ. ಬೆಳಿಗ್ಗೆ ಎದ್ದು ನಾನು ಪ್ಯಾಂಟು ಏರಿಸುವಾಗ ಇವನು ಕಳ್ಳನ ಹಾಗೆ ನೋಡುತ್ತಿದ್ದದ್ದು, ಗುಂಡಿ ಸಲೀಸಾಗಿ ಬಿದ್ದರೆ ಉಸಿರು ಬಿಡುತ್ತಿದ್ದದ್ದು ನೆನಪಾಗಿ, ಅಲ್ಲೇ ಗಿರಾಕಿಗಳ ಬೆಂಚಿನ ಮೇಲೆ ಕೂತು ಎಲ್ಲವನ್ನೂ ಹೇಳಿದೆ. ಹಾರ್ಮೋನು, ಒಣಗಿದ್ದು, ಸೋರಿದ್ದು, ಸಕ್ಕರೆ, ನೋವು.

"ನೋಯ್ತಿತ್ತಾ?" ಎಂದ. ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದ. "ನಾನು ನಿನಗೆ ಸಾಕಾಗಿಬಿಟ್ಟಿದ್ದೀನಿ ಅಂದ್ಕೊಂಡಿದ್ದೆ."

ಅವತ್ತು ನನಗೆ ಅವನ ಮೇಲೆ ಬಂದಷ್ಟು ಪ್ರೀತಿ ಮದುವೆಯಾದ ಹೊಸದರಲ್ಲೂ ಬಂದಿರಲಿಲ್ಲ. ಇಷ್ಟು ಒಳ್ಳೆಯ ಹೊಲಿಗೆಯನ್ನು ಇಷ್ಟು ದಡ್ಡ ಕೆಲಸಕ್ಕೆ ಬಳಸಿದನಲ್ಲ ಎಂದು ತಲೆಗೆ ಒಂದು ಮೊಟಕಿದ್ದೂ ನಿಜ.

ಸೋಂಕು ಮಾತ್ರೆಗೆ ಹೋಯಿತು. ಒಣಗಿದ್ದಕ್ಕೆ ಡಾಕ್ಟರಮ್ಮ ಒಳಗೆ ಹಚ್ಚುವ ಈಸ್ಟ್ರೋಜನ್ ಮುಲಾಮು ಕೊಟ್ಟರು. ಅದು ಮಾಯಮಂತ್ರ ಅಲ್ಲ, ಹೊಟ್ಟೆ ಕರಗಿಸುವುದಿಲ್ಲ, ಒಂದೆರಡು ತಿಂಗಳು ತಾಳ್ಮೆ ಬೇಕು ಎಂದು ಮೊದಲೇ ಎಚ್ಚರಿಸಿದ್ದರು. ಹೊಟ್ಟೆಗೆ ಬೇರೆ ದಾರಿ ಹಿಡಿದೆ. ಬಸ್ಸು ಬಿಟ್ಟು ಸೈಟಿಗೆ ನಡೆದೇ ಹೋದೆ, ಸಂಜೆಯ ಸಿಹಿ ಬಿಟ್ಟೆ. ಕೆಳಹೊಟ್ಟೆಯ ಅಡಿಯ ಸ್ನಾಯುಗಳನ್ನು ಬಿಗಿಹಿಡಿದು ಬಿಡುವ ವ್ಯಾಯಾಮವನ್ನೂ ಹೇಳಿಕೊಟ್ಟರು. ಅದನ್ನು ಕುರ್ಚಿಯಲ್ಲಿ ಕೂತೇ ಮಾಡಬಹುದು. ಕೆಳಗೆ ಲೋಡು ಕಟ್ಟುವಷ್ಟು ಹೊತ್ತು ನನ್ನ ವ್ಯಾಯಾಮ. ನಿಧಾನಕ್ಕೆ ಎತ್ತು, ಹಿಡಿ, ಜರ್ಕು ಕೊಡದೆ ನಿಧಾನಕ್ಕೆ ಇಳಿಸು. ಇದನ್ನು ನನಗೆ ಯಾರಾದರೂ ಹೇಳಿಕೊಡಬೇಕೇ? ದಿನವಿಡೀ ಮಾಡುವ ಕೆಲಸವೇ ಅದು. ನಮ್ಮ ಮಲಗುವ ಕೋಣೆಯ ವಿವರ ನಿಮಗೆ ಬೇಡ. ಒಂದು ಬೆಳಿಗ್ಗೆ ದರ್ಜಿ ಶಿಳ್ಳೆ ಹಾಕುತ್ತಾ ಕಾಜ ಹೊಲಿಯುತ್ತಿದ್ದ ಎಂದಷ್ಟೇ ಹೇಳಬಲ್ಲೆ.

ಅದೇ ದಿನ ಸಿಗ್ನಲ್‌ನವನು ಮರೆತು ತನ್ನ ಹಳೆಯ ಅತ್ತೆ-ಸೊಸೆ ತಮಾಷೆ ಮಾಡಿದ. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಪ್ಯಾಂಟು ಒಣಗಿಯೇ ಇತ್ತು. "ಎಲ್ಲರೂ ಕೇಳಿಸ್ಕೊಳ್ಳಿ, ಮೇಲಿನಮ್ಮ ನಕ್ಕರು" ಎಂದು ಅವನು ರೇಡಿಯೋದಲ್ಲಿ ಸೈಟಿಗೆಲ್ಲ ಸಾರಿದ.

ಕುರ್ಚಿಯ ಪಕ್ಕ ನೀರಿನ ಬಾಟಲಿ ಬಂತು. ಆದರೆ ಪಾಳಿಯ ಮಧ್ಯೆ ಇಳಿಯುವುದನ್ನು ಮಾತ್ರ ಹೇಗೋ ತಪ್ಪಿಸಿಕೊಳ್ಳುತ್ತಿದ್ದೆ. ಕಾಂಕ್ರೀಟ್ ಲಾರಿ ತಡವಾದಾಗ, ಗಾಳಿಗೆ ಕೆಲಸ ನಿಂತಾಗ, ಬೇರೆ ನೆಪದಲ್ಲಿ ಇಳಿದು ಬರುತ್ತಿದ್ದೆ. ಗುರುಗಳ ಮಾತು ಇನ್ನೂ ಎದೆಯ ಮೇಲೆ ಸಿಕ್ಕಿಕೊಂಡೇ ಇತ್ತು.

ಬಳೆಯ ದಿನ ಬಂತು. ಡಾಕ್ಟರಮ್ಮ ಸಹಿ ಹಾಕಿದ್ದರು. ಕೆಳಗೆ ಮಾಲೀಕರು, ಎಂಜಿನಿಯರುಗಳು, ಕ್ಯಾಮೆರಾದವರು, ಇಸ್ತ್ರಿ ಅಂಗಿಯ ಮೇಲೆ ಹೊಸ ಹೆಲ್ಮೆಟ್ಟು ಹಾಕಿಕೊಂಡ ಅತಿಥಿಗಳು ಸೇರಿದ್ದರು. ಬೆಳಗ್ಗಿನಿಂದ ಗಾಳಿ ಬೀಸುತ್ತಿತ್ತು. ನಾನು ಮೇಲೆ ಕಾಯುತ್ತಾ, ಗುಟುಕು ಗುಟುಕು ನೀರು ಕುಡಿಯುತ್ತಾ ಕೂತೆ. ಮಧ್ಯಾಹ್ನದ ಹೊತ್ತಿಗೆ ಗಾಳಿ ತಟ್ಟನೆ ಬಿದ್ದುಹೋಯಿತು. "ಕಟ್ರೋ, ಬೇಗ ಕಟ್ರೋ" ಎಂದು ಸೂಪರ್‌ವೈಸರ್ ಅವಸರ ಮಾಡಿದರು.

ಆಗ ಬಂತು. ಜೋರಾಗಿಯೇ ಬಂತು.

ಲೋಡು ಕೊಕ್ಕೆಗೆ ಬಿದ್ದ ಮೇಲೆ ಆಪರೇಟರ್ ಇಳಿಯುವಂತಿಲ್ಲ. ಬಳೆ ಕೂರುವವರೆಗೆ ಮುಕ್ಕಾಲು ಗಂಟೆಯೋ ಒಂದು ಗಂಟೆಯೋ, ಯಾರಿಗೆ ಗೊತ್ತು. ತಡೆದುಕೊಳ್ಳಬಲ್ಲೆನೇ? ಬಲ್ಲೆ. ಎಷ್ಟು ವರ್ಷ ತಡೆದವಳು ನಾನು. ಆದರೆ ಹಾಗೆ ತಡೆದುಕೊಂಡಾಗ ಮೈಯೆಲ್ಲ ಒಂದೇ ಕಡೆ ಬಿಗಿದು, ಬೆರಳಿಗೆ ಬರಬೇಕಾದ ಗಮನವೆಲ್ಲ ಅಲ್ಲಿಗೆ ಹೋಗುತ್ತದೆ. ಆ ಬಳೆಯ ಕೆಳಗೆ ಕಂಬಕ್ಕೊಬ್ಬರಂತೆ ಫಿಟ್ಟರುಗಳು ನಿಂತಿರುತ್ತಾರೆ. ಅವರ ತಲೆಯ ಮೇಲೆ ನಾನು ಅರ್ಧ ಗಮನ ಇಟ್ಟುಕೊಂಡು ಉಕ್ಕು ತೂಗಿಸಬೇಕೇ? ಏಣಿಯ ಕಡೆ ನೋಡಿದೆ. ರೇಡಿಯೋ ಗುಂಡಿ ಒತ್ತಿದೆ.

"ಕಟ್ಟಬೇಡಿ. ನಾನು ಕೆಳಗೆ ಬರ್ತಿದ್ದೀನಿ."

"ಏನಾಯ್ತು? ಮಷೀನ್ ಕೈ ಕೊಡ್ತಾ?" ಸೂಪರ್‌ವೈಸರ್ ಕೇಳಿದರು.

ಹೂಂ ಎಂದುಬಿಡಬಹುದಿತ್ತು. ಒಂದು ಸುಳ್ಳಿನಲ್ಲಿ ಮರ್ಯಾದೆ ಉಳಿಯುತ್ತಿತ್ತು. ಸೈಟಿನ ಎಲ್ಲ ರೇಡಿಯೋಗಳೂ ಅದೇ ಚಾನೆಲ್ಲಿನಲ್ಲಿದ್ದವು, ಅತಿಥಿಗಳ ಪಕ್ಕದಲ್ಲಿದ್ದದ್ದೂ ಸೇರಿ.

"ಮಷೀನ್ ಸರಿಯಾಗಿದೆ. ನನಗೆ ಉಚ್ಚೆ ಬಂದಿದೆ. ಮುಗಿಸಿ ಬಂದು ನಿಮ್ಮ ಬಳೆ ಎತ್ತುತ್ತೀನಿ."

"ಗಾಳಿ ಮತ್ತೆ ಎದ್ರೆ ಇವತ್ತಿನ ಕೆಲಸ ಹೋಯ್ತು ಅಂತ್ಲೇ. ಕೊಕ್ಕರೆನಾದ್ರೂ ಹತ್ತಿಸ್ತೀನಿ" ಎಂದರು ಸೂಪರ್‌ವೈಸರ್.

ಕೊಕ್ಕರೆಯ ದನಿ ಬಂತು. "ನಾನು ಹತ್ತಲ್ಲ ಸರ್. ಅದು ಅವರು ಎತ್ತಬೇಕಾದ ಬಳೆ. ನಾನು ಕುರ್ಚಿ ಹಿಂದೆ ಬಾಟಲಿ ಇಟ್ಕೊಳ್ಳೋನು, ನಾನು ಯಾವ ಬಾಯಲ್ಲಿ ಮಾತಾಡ್ಲಿ?"

ಎಲ್ಲೋ ಒಬ್ಬ ಕಿಸಕ್ಕನೆ ನಕ್ಕ. ಸಿಗ್ನಲ್‌ನವನು ಗಂಟಲು ಸರಿ ಮಾಡಿಕೊಂಡು, "ಮೇಲಿನಮ್ಮ ಬರ್ತಿದ್ದಾರೆ. ಏಣಿ ಹತ್ರ ದಾರಿ ಬಿಡಿ" ಎಂದ. ಅದರಲ್ಲಿ ತಮಾಷೆ ಇರಲಿಲ್ಲ.

ಇಳಿದೆ. ಅತಿಥಿಗಳ ಸಾಲಿನ ಮುಂದೆಯೇ ಹಾದು ಹೋಗಬೇಕಿತ್ತು. ಕೆಲವರು ಶೂ ನೋಡಿಕೊಂಡರು. ಗಾರೆ ಕೆಲಸದ ಹೆಂಗಸರ ಗುಂಪೊಂದು ಪಕ್ಕದಲ್ಲಿ ನಿಂತಿತ್ತು. ಅವರಲ್ಲಿ ಹಿರಿಯಾಕೆ ನನ್ನ ಮುಖ ನೋಡಿ ಕೈಯಲ್ಲಿದ್ದ ಕರಣೆ ಕೆಳಗಿಟ್ಟು, "ನಾನೂ ಬರ್ತೀನಿ ತಾಯಿ, ಬೆಳಗ್ಗಿಂದ ತಡ್ಕೊಂಡಿದ್ದೀನಿ" ಎಂದು ನನ್ನ ಹಿಂದೆಯೇ ಬಂದಳು. ಅವಳ ಹಿಂದೆ ಇನ್ನೂ ನಾಲ್ಕೈದು ಜನ. ನಾನು ತಲೆ ಎತ್ತಿಕೊಂಡೇ ಹೋದೆ, ತಲೆ ಎತ್ತಿಕೊಂಡೇ ಬಂದೆ.

ಮತ್ತೆ ಏರಿ ಕೂತಾಗ ಗಾಳಿ ಸಣ್ಣಗೆ ಅಲುಗಿತು. ಗಾಳಿ ನೋಡಲು ಕ್ರೇನಿಗೆ ಕಟ್ಟಿದ್ದ ಬಾವುಟ ಒಮ್ಮೆ ಎದ್ದು ಮತ್ತೆ ಜೋತುಬಿತ್ತು. ಕಟ್ಟಿ ಎಂದೆ.

ಬಳೆ ನೆಲ ಬಿಟ್ಟಿತು. ನನ್ನ ಮೈಯಲ್ಲಿ ಎಲ್ಲೂ ಬಿಗಿ ಇರಲಿಲ್ಲ, ಇದ್ದ ಪ್ರಾಣವೆಲ್ಲ ಬೆರಳ ತುದಿಯಲ್ಲಿತ್ತು. ಗೋಡೆಯಾಚೆ ಅದು ಕಣ್ಮರೆಯಾದ ಮೇಲೆ ಸಿಗ್ನಲ್‌ನವನ ದನಿಯೇ ನನಗೆ ಕಣ್ಣು. "ಇಳಿಸಿ... ಇಳಿಸಿ... ಕೂದಲಷ್ಟು ಎಡಕ್ಕೆ... ನಿಲ್ಲಿ. ಇಳಿಸಿ." ಕೇಬಲ್ಲಿನ ಭಾರ ಕೈಗೆ ತಿಳಿಯುತ್ತದೆ, ನಂಬಿ. ಅದು ಮೆಲ್ಲಗೆ ಹಗುರವಾಯಿತು. ಫಿಟ್ಟರುಗಳ ಕೂಗು ಮೇಲಿನವರೆಗೂ ಕೇಳಿಸಿತು. "ಕೂತ್ಕೊಂಡ್ತು ಮೇಲಿನಮ್ಮ. ಒಂದೇ ಸಲಕ್ಕೆ" ಎಂದ ಸಿಗ್ನಲ್‌ನವನು.

ಅಷ್ಟು ವರ್ಷ ಇಳಿಯದೆ ಕೂತದ್ದಕ್ಕೆ ಪಟ್ಟ ಹೆಮ್ಮೆ ಇದರ ಮುಂದೆ ಯಾವ ಮೂಲೆಗೂ ಸಾಲದು. ಇದನ್ನು ನನ್ನ ಗುರುಗಳ ಎದುರೇ ಹೇಳುತ್ತೇನೆ.

ಸಂಜೆ ಮನೆಗೆ ಬಂದಾಗ ಅಂಗಡಿ ತುಂಬ ಹೆಂಗಸರು. ಸುದ್ದಿ ನನಗಿಂತ ಮೊದಲೇ ನಡೆದು ಬಂದಿತ್ತು. ದರ್ಜಿ ಬಾಗಿಲವರೆಗೆ ಬಂದು ಪಿಸುಗುಟ್ಟಿದ. "ಇಡೀ ಸೈಟಿಗೆ ಹೇಳಿದ್ಯಂತೆ?"

"ಹೇಳ್ದೆ. ಬೆಲ್ಟಿಗೆ ಸರಿಯಾಗಿ ಕೂರೋ ಹಾಗೆ ಒಂದು ಹೊಸ ಪ್ಯಾಂಟು ಬೇಕು. ಅಳತೆ ತಗೋ."

ಅವನು ಎಲ್ಲರೆದುರು ಟೇಪು ಸುತ್ತಿದ. ಎರಡು ತಿಂಗಳ ನಡಿಗೆಗೆ ಒಂದಿಷ್ಟು ಇಳಿದಿದ್ದೆ, ಬಹಳವೇನಲ್ಲ. ಅಭ್ಯಾಸಬಲ, ಕೈ ಸೀಮೆಸುಣ್ಣಕ್ಕೆ ಹೋಯಿತು.

"ಗೀಟು ಬೇಡ. ಬಾಯಲ್ಲಿ ಹೇಳು" ಎಂದೆ.

ಅವನು ಹೆಂಗಸರನ್ನು ನೋಡಿದ, ನನ್ನನ್ನು ನೋಡಿದ. ಆಮೇಲೆ ನೆಟ್ಟಗೆ ನಿಂತು, ಬಹುಮಾನ ಬಂದವರ ಹೆಸರು ಕೂಗುವ ಹಾಗೆ ಕೂಗಿದ.

"ಮೂವತ್ತೆಂಟೂವರೆ."